ಎತ್ತಿಗೆ ಮೇವು, ವ್ಯಾನಿಗೆ ಕರೆಂಟು: ಮಲಗುವ ಬಂಡಿ ಕಟ್ಟಿಸುವವರಿಗೆ ಕಿವಿಮಾತು

ಮಾಘ ಮಾಸ ಬಂತೆಂದರೆ ಹಳಿಯಾಳದ ನಮ್ಮ ಮನೆಯ ಮುಂದೆ ಉಳವಿ ಜಾತ್ರೆಗೆ ಹೊರಟ ಚಕ್ಕಡಿಗಳು ಸಾಲುಗಟ್ಟಿ ಹಾಯುತ್ತಿದ್ದವು. ಮೇಲೆ ಕೊಲ್ಲಾರಿ, ಒಳಗೆ ಹುಲ್ಲಿನ ಮೆತ್ತೆ, ಅದರ ಮೇಲೆ ಕೌದಿ, ಮೂಲೆಯಲ್ಲಿ ರೊಟ್ಟಿಯ ಗಂಟು, ಹಿಂದೆ ತೂಗುವ ಕಂದೀಲು. ಮಕ್ಕಳು ಮರಿ ಎಲ್ಲ ಅದರಲ್ಲೇ ಮಲಗಿ ಚನ್ನಬಸವಣ್ಣನ ಗುಡಿಯವರೆಗೆ ಹೋಗಿಬರುತ್ತಿದ್ದರು. ಎತ್ತು ಒಂದು ದಿನಕ್ಕೆ ಎಷ್ಟು ನಡೆದೀತು, ರಾತ್ರಿ ಮೇವು ನೀರು ಎಲ್ಲಿ ಸಿಕ್ಕೀತು ಎಂಬುದನ್ನು ನೋಡಿಕೊಂಡು ಹಿರಿಯರು ವಸ್ತಿ ಗೊತ್ತುಮಾಡುತ್ತಿದ್ದರು. ಹುಮ್ಮಸ್ಸಿಗೆ ಬಿದ್ದು ಎತ್ತನ್ನು ಹೆಚ್ಚು ಹೊಡೆದವರು ಕಾಡಿನ ನಡುವೆ ಕೂತದ್ದೂ ಉಂಟು.

ಈಗ ನನ್ನ ತಮ್ಮನ ಮಗ ಸರಕು ಸಾಗಿಸುವ ಒಂದು ಚಿಕ್ಕ ವಿದ್ಯುತ್ ವ್ಯಾನು ಇಟ್ಟುಕೊಂಡಿದ್ದಾನೆ. ಕೆಲಸವಿಲ್ಲದ ದಿನ ಅದರ ಹಿಂದೆ ಹಾಸಿಗೆ ಹಾಕಿ, ಎರಡು ಚಳಿಗಾಲ ಅವನೂ ಅವನ ಹೆಂಡತಿಯೂ ನಾನೂ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಎಂದು ಸರದಿಯಲ್ಲಿ ತಿರುಗಿದ್ದೇವೆ. ಮೂವರು ಒಟ್ಟಿಗೆ ಹೋಗುವುದಿಲ್ಲ, ಮುಂದಿನ ಸೀಟು ಎರಡೇ. ನಮ್ಮನ್ನು ನೋಡಿ ಬಹಳ ಮಂದಿ ಕೇಳುತ್ತಾರೆ: ಇದು ನಡೆಯುತ್ತದೆಯೇ, ನಾವೂ ಮಾಡಿಸಬಹುದೇ ಎಂದು. ನಡೆಯುತ್ತದೆ. ಆದರೆ ಎತ್ತಿನ ಲೆಕ್ಕದಲ್ಲೇ ನಡೆಯುತ್ತದೆ. ಅದನ್ನು ಮರೆತರೆ ಕಷ್ಟ. ಅದಕ್ಕೇ ಈ ನಾಲ್ಕು ಮಾತು.

• ವ್ಯಾನು ಕೊಳ್ಳುವ ಮೊದಲು ಕಂಪನಿ ಹೇಳುವ ದೂರವನ್ನು ಮೂರು ಪಾಲು ಮಾಡಿ, ಎರಡು ಪಾಲನ್ನು ಮಾತ್ರ ನಿಮ್ಮದೆಂದು ತಿಳಿಯಿರಿ. 2022ರ ಮೇ ತಿಂಗಳಲ್ಲಿ ಬಂದ ಟಾಟಾ ಏಸ್ ಇವಿಯ ಬ್ಯಾಟರಿ 21.3 ಯೂನಿಟ್ಟಿನದು, ಕಾಗದದ ಮೇಲಿನ ದೂರ 154 ಕಿ.ಮೀ. ನಮ್ಮ ಏರು ಇಳಿತ, ಹಾಸಿಗೆ, ನೀರು, ಮಂದಿ ಎಲ್ಲ ಸೇರಿದ ಮೇಲೆ ನೂರು ಎಂದುಕೊಳ್ಳಿ. ನೂರು ಎಂದುಕೊಂಡವರು ನೆಮ್ಮದಿಯಾಗಿ ಮನೆ ಸೇರುತ್ತಾರೆ.

• ನೂರೂ ನಮಗೆ ಸಾಲುತ್ತದೆ, ಹೆದರಬೇಡಿ. ಧಾರವಾಡದಿಂದ ಹಳಿಯಾಳ ಸುಮಾರು 35 ಕಿ.ಮೀ., ಅಲ್ಲಿಂದ ದಾಂಡೇಲಿ ಇಪ್ಪತ್ತರ ಆಚೀಚೆ, ಹುಬ್ಬಳ್ಳಿಯಿಂದ ಮುಂಡಗೋಡ ಸುಮಾರು 45. ಒಂದೊಂದು ವಸ್ತಿಗೆ ಒಂದೊಂದು ಊರು ಎಂದಿಟ್ಟುಕೊಂಡರೆ ಅರ್ಧ ಬ್ಯಾಟರಿಯೂ ಖರ್ಚಾಗುವುದಿಲ್ಲ.

• ಬೆಂಗಳೂರಿನಿಂದ ಚಿಕ್ಕ ವ್ಯಾನು ಓಡಿಸಿಕೊಂಡು ಬರುವ ಆಸೆ ಬಿಡಿ. 450 ಕಿ.ಮೀ. ಮೀರಿದ ದಾರಿ, ನಾಲ್ಕೈದು ಸಲ ನಿಂತು ನಿಂತು ಬರಬೇಕು. ರಜೆಯೆಲ್ಲ ಹೆದ್ದಾರಿಯಲ್ಲೇ ಮುಗಿಯುತ್ತದೆ. ದೂರದಿಂದ ಬರುವವರಿಗೆ ದೊಡ್ಡ ಬ್ಯಾಟರಿಯ ಮನೆಮಂದಿ ಕಾರೇ ಸರಿ. 2024ರಲ್ಲಿ ಬಂದ ಎಂಜಿ ವಿಂಡ್ಸರ್‌ಗೆ 38 ಯೂನಿಟ್ ಇದೆ, 2025ರ ಕಿಯಾ ಕ್ಯಾರೆನ್ಸ್ ಕ್ಲಾವಿಸ್ ಇವಿಯ ದೊಡ್ಡ ಬ್ಯಾಟರಿ 51.4 ಯೂನಿಟ್. ಹಿಂದಿನ ಸೀಟು ಮಡಚಿ ಗಾದಿ ಹಾಕಿದರೆ ಇಬ್ಬರು ಮುದುರಿಕೊಂಡು ಮಲಗಬಹುದು. ಕತ್ತರಿಸುವುದು, ಕೊರೆಯುವುದು ಏನೂ ಬೇಡ.

• ಕಾಗದಪತ್ರದ ವಿಷಯದಲ್ಲಿ ಸಡಿಲ ಬಿಡಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ರೂಪವನ್ನು ಆರ್‌ಟಿಓ ಒಪ್ಪಿಗೆಯಿಲ್ಲದೆ ಬದಲಿಸುವಂತಿಲ್ಲ. ಕಿಟಕಿ ಕೊರೆಯುವುದು, ಚಾವಣಿ ಎತ್ತರಿಸುವುದು, ಸೀಟು ಬೆಸೆಯುವುದು ಎಲ್ಲ ಅದರೊಳಗೇ ಬರುತ್ತದೆ. ಅಪಘಾತವಾದಾಗ ವಿಮೆಯವರು ಮೊದಲು ನೋಡುವುದೂ ಅದನ್ನೇ. ದಾಂಡೇಲಿಯಲ್ಲೇ ಆರ್‌ಟಿಓ ಕಚೇರಿಯಿದೆ, ಕೆಎ-65 ಎಂಬುದು ಅವರದೇ ಸಂಖ್ಯೆ. ಬಡಗಿಗೆ ಮುಂಗಡ ಕೊಡುವ ಮೊದಲು ಒಮ್ಮೆ ಹೋಗಿ ಕೇಳಿಕೊಂಡು ಬನ್ನಿ.

• ನಾವು ಏನನ್ನೂ ಬೆಸೆಯಲಿಲ್ಲ, ನೀವೂ ಬೆಸೆಯಬೇಡಿ. ಮಂಚ, ಪೆಟ್ಟಿಗೆ, ಒಲೆಯ ಹಲಗೆ ಎಲ್ಲವೂ ಇಬ್ಬರು ಹಿಡಿದು ಇಳಿಸುವಂತಿರಲಿ. ಸೋಮವಾರ ಬೆಳಿಗ್ಗೆ ವ್ಯಾನು ಮತ್ತೆ ಸಿಮೆಂಟ್ ಚೀಲ ಹೊರಬೇಕು, ಮಲಗುವ ಸುಖಕ್ಕಾಗಿ ಅದರ ಅನ್ನ ಕಸಿಯುವುದು ಬೇಡ.

• ಓಡುವಾಗ ಹಿಂದೆ ಯಾರನ್ನೂ ಮಲಗಿಸಬೇಡಿ, ಕೂರಿಸಲೂ ಬೇಡಿ. ಸರಕಿನ ವ್ಯಾನಿನ ಹಿಂಭಾಗ ಜನರಿಗಲ್ಲ. ಅಲ್ಲಿ ಬೆಲ್ಟೂ ಇಲ್ಲ, ಗಾಳಿಯೂ ಇಲ್ಲ. ಮಗು ಮಲಗಿದೆ ಪಾಪ ಎಬ್ಬಿಸುವುದು ಬೇಡ ಎನ್ನುತ್ತೀರಿ. ಎಬ್ಬಿಸಿ.

• ಈಗ ಎಲ್ಲಕ್ಕಿಂತ ಮುಖ್ಯವಾದದ್ದು: ವ್ಯಾನು ಓಡಿಸುವ ಬ್ಯಾಟರಿಗೆ ಮನೆಬಳಕೆಯ ತಂತಿ ಜೋಡಿಸಬೇಡಿ. ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಾಣುತ್ತದಲ್ಲ, ಅದರಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ. ಪೇಟೆಯ ವೈರಿಂಗ್ ಹುಡುಗ “ಒಂದು ಟ್ಯಾಪ್ ಹೊಡೆದರೆ ಆಯ್ತು ಅಕ್ಕಾರ” ಎಂದರೆ ಚಹಾ ಕೊಟ್ಟು ಕಳಿಸಿಬಿಡಿ. ಕೆಲವು ಕಾರುಗಳಲ್ಲಿ ಹೊರಗೆ ಕರೆಂಟ್ ಕೊಡುವ ಪ್ಲಗ್ಗನ್ನು ಕಂಪನಿಯವರೇ ಇಟ್ಟಿರುತ್ತಾರೆ. 2023ರಿಂದ ನೆಕ್ಸಾನ್ ಇವಿಯಲ್ಲಿ ಅದು ಬಂದಿದೆ. ಹಾಗೆ ಇದ್ದರೆ ಬಳಸಿ, ಇಲ್ಲದಿದ್ದರೆ ಇಲ್ಲ.

• ಮನೆಬಳಕೆಗೆ ಬೇರೆಯೇ ಒಂದು ಬ್ಯಾಟರಿ ಇಡಿ. 12 ವೋಲ್ಟ್, 100 ಆಂಪಿಯರ್ ಅವರ್‌ನ ಲಿಥಿಯಂ ಫಾಸ್ಫೇಟ್ ಬ್ಯಾಟರಿಯಲ್ಲಿ ಸುಮಾರು 1.2 ಯೂನಿಟ್ ಇರುತ್ತದೆ, ತೂಕ ಹನ್ನೆರಡು ಹದಿಮೂರು ಕಿಲೋ. ದಾರಿಯ ಖರ್ಚಿನ ದುಡ್ಡನ್ನೂ ಸಂತೆಯ ದುಡ್ಡನ್ನೂ ನಮ್ಮವ್ವ ಎರಡು ಚೀಲದಲ್ಲಿ ಇಡುತ್ತಿದ್ದಳು. ಒಂದು ಬರಿದಾದರೂ ಇನ್ನೊಂದರಿಂದ ಊರಿಗೆ ಬರಬಹುದು.

• ಯೂನಿಟ್ಟನ್ನು ಅಕ್ಕಿಯ ಹಾಗೆ ಅಳೆಯಿರಿ. 20 ವ್ಯಾಟಿನ ಚಿಕ್ಕ ಫ್ಯಾನು ರಾತ್ರಿ ಎಂಟು ತಾಸು ತಿರುಗಿದರೆ 0.16 ಯೂನಿಟ್. ಎಲ್‌ಇಡಿ ದೀಪ ಐದು ತಾಸು ಉರಿದರೆ 0.05. ಎರಡು ಫೋನಿಗೆ ಇನ್ನೂ ಕಡಿಮೆ. ಇವೆಲ್ಲ ಒಂದು ಹಿಡಿ ಅಕ್ಕಿ. ಆದರೆ ಒಂದು ಲೀಟರ್ ನೀರು ಕುದಿಸಲು 0.1 ಯೂನಿಟ್ ಮೀರುತ್ತದೆ, ಕುಕ್ಕರಿನಲ್ಲಿ ಅನ್ನ ಸಾರು ಎಂದರೆ ಅರ್ಧ ಯೂನಿಟ್ಟಿನ ಹತ್ತಿರ. ಬಿಸಿ ಮಾಡುವುದೇ ದುಂದು, ಬೆಳಕಲ್ಲ. ದೀಪ ಆರಿಸು ಆರಿಸು ಎಂದು ಮಕ್ಕಳನ್ನು ಗದರುತ್ತೇವೆ, ಆಮೇಲೆ ಮೂರು ಸಲ ಚಹಾ ಕಾಯಿಸುತ್ತೇವೆ.

• ಚಹಾ ಒಂದೇ ಸಲ ಮಾಡಿ ಥರ್ಮಾಸಿಗೆ ಹಾಕಿಡಿ. ಬೆಳಿಗ್ಗೆ ಮಾಡಿದ್ದು ಹನ್ನೊಂದಕ್ಕೂ ಬಿಸಿ ಇರುತ್ತದೆ.

• ಬುತ್ತಿ ಕಟ್ಟಿಕೊಂಡು ಹೋಗಿ. ಕಟಕ ರೊಟ್ಟಿ ವಾರ ಕಳೆದರೂ ಕೆಡುವುದಿಲ್ಲ. ಅದಕ್ಕೆ ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಒಂದು ಗಡ್ಡೆ ಉಳ್ಳಾಗಡ್ಡಿ, ದಾರಿಯಲ್ಲಿ ಕೊಂಡ ಮೊಸರು. ಉಳವಿಗೆ ಹೋಗುವವರು ಇದನ್ನೇ ಉಣ್ಣುತ್ತಿದ್ದರು. ಒಂದು ಯೂನಿಟ್ ಖರ್ಚಿಲ್ಲ, ತೊಳೆಯುವ ಪಾತ್ರೆಯೂ ಇಲ್ಲ. ದಿನಕ್ಕೆ ಒಂದು ಹೊತ್ತು ಮಾತ್ರ ಒಲೆ ಹಚ್ಚಿ, ಅದೂ ಪ್ಲಗ್ ಸಿಕ್ಕ ಊರಿನಲ್ಲಿ.

• ಚಿಕ್ಕ ಫ್ರಿಜ್ಜು ಬೇಕು ಎನ್ನುವವರು ಎರಡು ಸಲ ಯೋಚಿಸಿ. ಹಗಲು ರಾತ್ರಿ ಕೂಡಿ ಅರ್ಧ ಯೂನಿಟ್ ತಿನ್ನುತ್ತದೆ, ಜಾಗವನ್ನೂ ತಿನ್ನುತ್ತದೆ. ನೀರಿಗೆ ಮಣ್ಣಿನ ಗಡಿಗೆ, ತರಕಾರಿಗೆ ಒದ್ದೆ ಅರಿವೆ ಸಾಕು. ಮಗುವಿನ ಹಾಲು, ಇನ್ಸುಲಿನ್ ಇದ್ದವರ ಮಾತು ಬೇರೆ, ಅವರು ಇಟ್ಟುಕೊಳ್ಳಲೇಬೇಕು.

• ಚಾವಣಿಯ ಮೇಲೆ ಸೋಲಾರ್ ಹಾಕಿಸಿದರೆ ಒಳ್ಳೆಯದೇ, ಎಲ್ಲಕ್ಕೂ ಅದನ್ನೇ ನಂಬಬೇಡಿ ಅಷ್ಟೇ. 200 ವ್ಯಾಟಿನ ಫಲಕ ಮಾಘದ ಬಿಸಿಲಿನಲ್ಲಿ ದಿನಕ್ಕೆ ಮುಕ್ಕಾಲು ಯೂನಿಟ್ಟೋ ಸ್ವಲ್ಪ ಹೆಚ್ಚೋ ಕೊಡುತ್ತದೆ. ಫ್ಯಾನು, ದೀಪ, ಫೋನಿಗೆ ಧಾರಾಳ. ವ್ಯಾನು ಓಡಿಸಲು ಅದು ಎಲ್ಲಿಗೂ ಸಾಲದು. ಮತ್ತೆ ನಾವು ನೆರಳು ಹುಡುಕಿ ನಿಲ್ಲಿಸುತ್ತೇವೆ, ಫಲಕ ಬಿಸಿಲು ಕೇಳುತ್ತದೆ. ಉದ್ದ ತಂತಿಯ ಮಡಚುವ ಫಲಕ ತಂದರೆ ವ್ಯಾನು ಮಾವಿನ ನೆರಳಿನಲ್ಲಿ, ಫಲಕ ಅಂಗಳದಲ್ಲಿ ಇರಬಹುದು.

• ತೂಕ ನೋಡಿ ತುಂಬಿ. 18 ಎಂಎಂ ಪ್ಲೈವುಡ್ಡಿನ ಒಂದು ಪೂರ್ತಿ ಹಲಗೆಯೇ 35 ಕಿಲೋ ಹತ್ತಿರ ಬರುತ್ತದೆ, ಮೂರು ಹಲಗೆ ಹಾಕಿದರೆ ಒಂದು ಕ್ವಿಂಟಲ್ ಹೆಚ್ಚಿಗೆ ಹೊತ್ತಂತೆ. ನಮ್ಮ ಕಡೆ ಬಿದಿರಿನ ಕೆಲಸ ಬಲ್ಲವರು ಇದ್ದಾರೆ, ಅವರಿಂದ ಬಿದಿರಿನ ಚೌಕಟ್ಟು ಮಾಡಿಸಿ ಹಗ್ಗ ಹೆಣೆಸಿ. ಹೊರಸಿನ ಹಾಗೆ ಹಗುರ, ಕೆಳಗಿನಿಂದ ಗಾಳಿಯೂ ಆಡುತ್ತದೆ.

• ನೀರಿನ 20 ಲೀಟರ್ ಕ್ಯಾನು ಒಂದೇ ಇಡಿ. ವಸ್ತಿ ಮಾಡಿದ ಊರಿನಲ್ಲಿ ತುಂಬಿಸಿಕೊಳ್ಳಿ. ಭಾವಿಗಳ ನಾಡಿನಲ್ಲಿ ನೀರು ಹೊತ್ತು ತಿರುಗುವುದೇಕೆ?

ಯುರೋಪಿನಲ್ಲಿ ಇಂಥ ಬಂಡಿಗಳಿಗೆಂದೇ ಬಯಲುಗಳಿವೆ, ಅಲ್ಲಿ ಕಂಬಕ್ಕೊಂದು ಪ್ಲಗ್ಗು ಇರುತ್ತದಂತೆ. ಪಕ್ಕದ ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆ ಒಂದು ನೀತಿಯನ್ನೇ ತಂದಿತು. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ನಿಮಗೆ ಸಿಗುವ ಬಯಲು ಎಂದರೆ ಯಾರದೋ ಮನೆಯ ಅಂಗಳ. ಆದ್ದರಿಂದ ಇಲ್ಲಿ ಬ್ಯಾಟರಿ ತುಂಬಿಸುವುದೆಂದರೆ ಒಬ್ಬರ ಮನೆಗೆ ನೆಂಟರಾಗಿ ಹೋದಂತೆ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಹುಡುಗರು ತಪ್ಪುವುದು ಇಲ್ಲೇ.

• ಹೊರಡುವ ಹಿಂದಿನ ದಿನವೇ ಹೋಮ್‌ಸ್ಟೇ ಮನೆಯವರಿಗೆ ಫೋನು ಮಾಡಿ, “16 ಆಂಪಿಯರಿನ ಪ್ಲಗ್ ಇದೆಯೇ, ಅರ್ಥಿಂಗ್ ಸರಿ ಇದೆಯೇ” ಎಂದು ಕೇಳಿ. ಅರ್ಥಿಂಗ್ ಇಲ್ಲದಿದ್ದರೆ ಚಾರ್ಜರಿನ ಕೆಂಪು ದೀಪ ಹತ್ತಿ ಸುಮ್ಮನೆ ಕೂತುಬಿಡುತ್ತದೆ. ರಾತ್ರಿ ಒಂಬತ್ತಕ್ಕೆ ಅಡಿಕೆ ತೋಟದ ನಡುವೆ ಟಾರ್ಚು ಹಿಡಿದು ಮೀಟರ್ ಬೋರ್ಡು ಹುಡುಕುವ ಪಾಡು ಬೇಡ.

• ಅಂಥ ಪ್ಲಗ್ಗಿನಿಂದ ತಾಸಿಗೆ ಮೂರು ಯೂನಿಟ್ ಬರುತ್ತದೆ. ಚಿಕ್ಕ ವ್ಯಾನು ಪೂರ್ತಿ ತುಂಬಲು ಏಳು ತಾಸು, ನೀವು ಮಲಗಿ ಏಳುವಷ್ಟು ಹೊತ್ತು. ಆತುರ ಏಕೆ?

• ಸಂಜೆ ಏಳಕ್ಕೆ ಹಚ್ಚಬೇಡಿ. ಆಗ ಊರಿನ ಎಲ್ಲ ಮನೆಯಲ್ಲೂ ದೀಪ, ಮಿಕ್ಸಿ, ಟಿವಿ ಓಡುತ್ತಿರುತ್ತವೆ, ತುದಿಯ ಮನೆಗೆ ವೋಲ್ಟೇಜೇ ಬರುವುದಿಲ್ಲ. ಮನೆಯವರು ಉಂಡು ಮಲಗಲು ಹೊರಟಾಗ ಹಚ್ಚಿ. ಹಚ್ಚುವ ಮೊದಲು “ಹಚ್ಚಲೇನ್ರಿ” ಎಂದು ಇನ್ನೊಮ್ಮೆ ಕೇಳಿ.

• ಎಕ್ಸ್‌ಟೆನ್ಷನ್ ವೈರನ್ನು ಪೂರ್ತಿ ಬಿಚ್ಚಿ ಹಾಸಿ. ಸುರುಳಿಯಲ್ಲೇ ಬಿಟ್ಟರೆ ಒಳಗಿನ ಶಾಖ ಹೊರಗೆ ಹೋಗಲು ದಾರಿಯಿಲ್ಲದೆ ಪ್ಲಾಸ್ಟಿಕ್ ಕರಗುತ್ತದೆ. ನಾವು ಮೊದಲ ಸಲ ಹೋದಾಗ ಹಾಗೇ ಬಿಟ್ಟು ಮಲಗಿದ್ದೆವು. ಸುಟ್ಟ ವಾಸನೆಗೆ ಎದ್ದ ಮನೆಯಜ್ಜಿ ಓಡಿಬಂದು ಸ್ವಿಚ್ಚು ಆರಿಸಿದಳು. ಪ್ಲಗ್ಗಿನ ಮೂತಿ ಕರಕಲಾಗಿತ್ತು. ಆ ತಾಯಿ ನಮಗೆ ಒಂದು ಮಾತೂ ಅನ್ನಲಿಲ್ಲ, ಬೆಳಿಗ್ಗೆ ದೋಸೆಯನ್ನೂ ಕೊಟ್ಟಳು. ನನಗೆ ಮಾತ್ರ ಅವತ್ತಿನಿಂದ ವೈರು ಬಿಚ್ಚದೆ ನಿದ್ದೆ ಬರುವುದಿಲ್ಲ. ವೈರು 2.5 ಚದರ ಎಂಎಂಗಿಂತ ತೆಳು ಇರಬಾರದು. ಹಚ್ಚಿ ಅರ್ಧ ತಾಸಿಗೆ ಪ್ಲಗ್ಗಿನ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಇರಲಿ, ಸುಟ್ಟರೆ ತಕ್ಷಣ ತೆಗೆಯಿರಿ.

• ಕರೆಂಟಿನ ದುಡ್ಡು ಕೊಟ್ಟೇ ಬನ್ನಿ. “ನಮಗೆ ಗೃಹಜ್ಯೋತಿ ಐತ್ರಿ, ಬಿಲ್ಲೇ ಬರಂಗಿಲ್ಲ” ಎಂದು ಅವರು ಅಂತಃಕರಣದಿಂದ ಹೇಳುತ್ತಾರೆ. ನೀವು ಲೆಕ್ಕ ಬಲ್ಲವರು, ಅವರ ಪರವಾಗಿ ಲೆಕ್ಕ ಮಾಡಿ. 2023ರಲ್ಲಿ ಬಂದ ಆ ಯೋಜನೆಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಅಷ್ಟು ಮಾತ್ರ ಪುಕ್ಕಟೆ, ತಿಂಗಳಿಗೆ 200 ಯೂನಿಟ್ ದಾಟಿತೋ ಇಡೀ ಬಿಲ್ಲು ಅವರ ತಲೆಗೆ. ನಿಮ್ಮ ವ್ಯಾನು ಎರಡು ರಾತ್ರಿಗೆ 30-40 ಯೂನಿಟ್ ಕುಡಿಯಬಹುದು, ಒಂದು ಚಿಕ್ಕ ಮನೆಯ ತಿಂಗಳ ಬಳಕೆ ಅದು. ಹಚ್ಚುವ ಮೊದಲೊಮ್ಮೆ, ತೆಗೆದ ಮೇಲೊಮ್ಮೆ ಮೀಟರಿನ ಫೋಟೋ ತೆಗೆದು ಅವರಿಗೆ ತೋರಿಸಿ. ದರಕ್ಕಿಂತ ಸ್ವಲ್ಪ ಹೆಚ್ಚೇ ಕೊಡಿ. ಕೈಗೆ ಕೊಟ್ಟರೆ ಒಲ್ಲೆ ಎನ್ನುತ್ತಾರೆ, ಮಗುವಿನ ಕೈಗೆ ಕೊಡಿ.

• ಒಂದೇ ಬಲ್ಬಿನ ಬಡ ಮನೆಗಳಲ್ಲಿ ಕೇಳಲೇಬೇಡಿ. ಪ್ರೀತಿಗೆ ಹೂಂ ಎಂದಾರು, ಆದರೆ ಆ ತಂತಿ ಅಷ್ಟು ಭಾರ ತಡೆಯುವುದಿಲ್ಲ.

• ಜೋಯಿಡಾದಲ್ಲಿ ಪ್ಲಗ್ ಹಚ್ಚುವಾಗ ಒಂದು ಗಳಿಗೆ ನೆನೆಯಿರಿ. ಗಣೇಶಗುಡಿಯಲ್ಲಿ ಕಾಳಿ ನದಿಗೆ ಅಡ್ಡ ನಿಂತ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಸೂಪಾ ಊರು ಮುಳುಗಿದೆ. ತಾಲ್ಲೂಕಿಗೆ ಹಿಂದೆ ಆ ಊರಿನ ಹೆಸರೇ ಇತ್ತು. ಮನೆ ಕಳೆದುಕೊಂಡವರು ರಾಮನಗರದ ಕಡೆ ಹೋಗಿ ಹೊಸದಾಗಿ ಬಾಳು ಕಟ್ಟಿದರು. ಅಣೆಕಟ್ಟಿನ ಬುಡದಲ್ಲೇ 100 ಮೆಗಾವ್ಯಾಟ್, ಕೆಳಗೆ ನಾಗಝರಿ, ಕೊಡಸಳ್ಳಿ, ಕದ್ರಾ, ಹೀಗೆ ಒಂದೇ ನದಿ ಮೆಟ್ಟಿಲು ಮೆಟ್ಟಿಲಾಗಿ ರಾಜ್ಯಕ್ಕೆಲ್ಲ ಕರೆಂಟು ಕೊಟ್ಟಿತು. ಅದೇ ತಾಲ್ಲೂಕಿನ ಒಳಹಳ್ಳಿಗಳಲ್ಲಿ ಮಳೆಗಾಲಕ್ಕೆ ಒಂದು ಮರ ತಂತಿಯ ಮೇಲೆ ಬಿದ್ದರೆ ಎರಡು ಮೂರು ದಿನ ಕತ್ತಲೆ. ಅಂಥ ಮನೆಯಲ್ಲಿ ಕೂತು “ಇಲ್ಲಿ ಕರೆಂಟೇ ಇರಲ್ಲಪ್ಪ” ಎಂದು ಗೊಣಗಬೇಡಿ. ಅವರಿಗೆ ನೋವಾಗುತ್ತದೆ.

• ಜೂನಿನಿಂದ ಸೆಪ್ಟೆಂಬರ್‌ವರೆಗೆ ಜೋಯಿಡಾ, ಕ್ಯಾಸಲ್‌ರಾಕ್ ಕಡೆ ವ್ಯಾನಿನಲ್ಲಿ ಮಲಗಲು ಹೋಗಬೇಡಿ. ಹಾಗೂ ಹೋಗಲೇಬೇಕಾಗಿ ಬಂದರೆ ದಾಂಡೇಲಿಯಲ್ಲೇ ಪೂರ್ತಿ ತುಂಬಿಸಿ, ಅರ್ಧಕ್ಕೆ ಬಂದ ಕೂಡಲೇ ಹಿಂದಿರುಗಿ. ರಸ್ತೆಯ ಮೇಲೆ ಹಳ್ಳದ ನೀರು ಹರಿಯುತ್ತಿದ್ದರೆ ವ್ಯಾನು ಇಳಿಸಬೇಡಿ. ಬ್ಯಾಟರಿಗೆ ನೀರು ಹೋಗುವುದಿಲ್ಲ ಎಂಬುದು ನಿಜವೇ ಇರಬಹುದು, ವ್ಯಾನು ತೇಲುವುದಿಲ್ಲವೆಂದು ಯಾರೂ ಹೇಳಿಲ್ಲ. ಇಳಿದು ನೋಡಿದರೆ ಕಾಲಿಗೆ ಉಂಬಳ ಹತ್ತುತ್ತದೆ, ಹತ್ತಲಿ, ಆದರೂ ಇಳಿದು ನೋಡಿ.

• ಅಣಶಿ ಘಟ್ಟ ಹತ್ತುವಾಗ ಮೀಟರಿನ ಅಂಕಿ ಬೇಗ ಇಳಿದರೆ ಗಾಬರಿಯಾಗಬೇಡಿ. ಎರಡು ಟನ್ ತೂಕವನ್ನು 500 ಮೀಟರ್ ಎತ್ತರಕ್ಕೆ ಒಯ್ಯಲು ಸುಮಾರು 2.7 ಯೂನಿಟ್ ಬೇಕೇ ಬೇಕು, ರಸ್ತೆಯ ಖರ್ಚು ಅದರ ಮೇಲೆ. ಇಳಿಯುವಾಗ ಅದರಲ್ಲಿ ಒಂದಿಷ್ಟು ಮರಳಿ ಬರುತ್ತದೆ. ಕದ್ರಾ ಕಡೆಯಿಂದ ಹತ್ತುವವರು ಅರ್ಧಕ್ಕಿಂತ ಹೆಚ್ಚು ಇಟ್ಟುಕೊಂಡೇ ಹತ್ತಿ.

• ಘಟ್ಟ ಇಳಿಯುವ ಮೊದಲು ಬ್ಯಾಟರಿ ನೂರಕ್ಕೆ ನೂರು ತುಂಬಿಸಬೇಡಿ, ತೊಂಬತ್ತಕ್ಕೆ ನಿಲ್ಲಿಸಿ. ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಯುವುದಿಲ್ಲವಲ್ಲ, ಹಾಗೆ ತುಂಬಿದ ಬ್ಯಾಟರಿ ಇಳಿಜಾರಿನ ಕರೆಂಟನ್ನು ತಗೊಳ್ಳುವುದಿಲ್ಲ. ಆಗ ಮೋಟಾರು ವ್ಯಾನನ್ನು ಹಿಡಿಯದೆ ಎಲ್ಲ ಭಾರವೂ ಬ್ರೇಕಿನ ಮೇಲೆ ಬೀಳುತ್ತದೆ. ಇದನ್ನು ಬಹಳ ಮಂದಿ ಮರೆಯುತ್ತಾರೆ.

• ಕಾಡಿನ ರಸ್ತೆಯ ಬದಿಯಲ್ಲಿ ವಸ್ತಿ ಮಾಡಲೇಬೇಡಿ. ಸದ್ದಿಲ್ಲ, ಹೊಗೆಯಿಲ್ಲ, ನಮ್ಮಿಂದ ಯಾರಿಗೆ ಏನು ತೊಂದರೆ ಎಂದು ನಿಮಗೆ ಅನ್ನಿಸುತ್ತದೆ. ದಾಂಡೇಲಿ ಅಭಯಾರಣ್ಯ, ಅಣಶಿ ರಾಷ್ಟ್ರೀಯ ಉದ್ಯಾನ ಎರಡೂ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಿಂದ ಅದಕ್ಕೆ ಕಾಳಿ ಎಂಬ ಹೆಸರು. ಅಲ್ಲಿ ಅಪ್ಪಣೆಯಿಲ್ಲದೆ ತಂಗುವುದು, ಬೆಂಕಿ ಹಚ್ಚುವುದು ಅಪರಾಧ. ಕುಳಗಿಯ ಪ್ರಕೃತಿ ಶಿಬಿರದಂಥ ಕಡೆ ಮೊದಲೇ ಕೇಳಿ, ಒಪ್ಪಿದರೆ ಅವರ ಅಂಗಳದಲ್ಲಿ ನಿಲ್ಲಿಸಿ. ಬೆಳಗಿನ ಹೊತ್ತು ಮಂಗಟ್ಟೆ ಹಕ್ಕಿಯ ರೆಕ್ಕೆಯ ಬೀಸು ಅಲ್ಲಿಂದಲೂ ಕೇಳುತ್ತದೆ. ಡೀಸೆಲ್ ಗಾಡಿಯಲ್ಲಿ ಕೂತು ನಾನು ಅದನ್ನು ಯಾವತ್ತೂ ಕೇಳಿರಲಿಲ್ಲ. ಈ ವ್ಯಾನು ಕೊಟ್ಟ ದೊಡ್ಡ ಸುಖ ಅದೇ.

• ಬಾಳೆಹಣ್ಣು, ಹಲಸು, ಬೆಲ್ಲ ಇವನ್ನು ರಾತ್ರಿ ವ್ಯಾನಿನಲ್ಲಿ ಇಡಬೇಡಿ. ಭತ್ತ ಕೊಯ್ಯುವ ಕಾಲಕ್ಕೆ ಆನೆಗಳು ಹಳಿಯಾಳ, ಮುಂಡಗೋಡದ ಗದ್ದೆಗಳಿಗೆ ಇಳಿಯುತ್ತವೆ. ತಗಡಿನ ಗೋಡೆ ಆನೆಯ ಮೂಗಿಗೆ ಅಡ್ಡವಲ್ಲ. ಮನೆಯೊಳಗೆ ಕೊಟ್ಟುಬಿಡಿ, ಬೆಳಿಗ್ಗೆ ತಗೊಳ್ಳಿ.

• ಪಾತ್ರೆ ತೊಳೆಯಲು ಕಾಳಿ ನದಿಗೆ ಇಳಿಯಬೇಡಿ. ದಾಂಡೇಲಿಯಲ್ಲಿ ಮೊಸಳೆಗಳಿವೆ, ದಡದಲ್ಲಿ ಒಣ ಮರದ ತುಂಡಿನಂತೆ ಬಿದ್ದಿರುತ್ತವೆ. ಗಣೇಶಗುಡಿಯ ಕೆಳಗೆ ಪವರ್‌ಹೌಸಿನಿಂದ ನೀರು ಬಿಟ್ಟಾಗ ಹೊಳೆ ನೋಡನೋಡುತ್ತ ಏರುತ್ತದೆ. ಬಂಡೆಯ ಮೇಲೆ ಕೌದಿ ಒಣಹಾಕಿ ಫೋಟೋ ತೆಗೆಯುತ್ತ ಕೂರುವ ಜಾಗ ಅಲ್ಲ ಅದು.

• ಕಬ್ಬು ಅರೆಯುವ ಕಾಲದಲ್ಲಿ ಹಳಿಯಾಳ ಸುತ್ತಲಿನ ರಸ್ತೆಯಲ್ಲಿ ಕತ್ತಲಾದ ಮೇಲೆ ಓಡಿಸಬೇಡಿ. ಕಬ್ಬು ಹೇರಿದ ಟ್ರ್ಯಾಕ್ಟರಿನ ಹಿಂದೆ ದೀಪ ಇರುವುದಿಲ್ಲ, ಮಗ್ಗುಲಿಗೆ ಕಬ್ಬು ಚಾಚಿರುತ್ತದೆ. ಐದೂವರೆಗೆ ವಸ್ತಿ ಸೇರಿ.

• ಊರೊಳಗೆ ಮೆಲ್ಲಗೆ ಹೋಗುವಾಗ ಸಣ್ಣಗೆ ಹಾರ್ನ್ ಮಾಡಿ. ನಿಮ್ಮ ವ್ಯಾನು ಬಂದದ್ದು ಬೀದಿಯಲ್ಲಿ ಕೂತ ಅಜ್ಜನಿಗೂ ಕೇಳಿಸುವುದಿಲ್ಲ, ಮಲಗಿದ ಎಮ್ಮೆಗೂ ಕೇಳಿಸುವುದಿಲ್ಲ.

• ಹೊಸಬರು ಮೊದಲ ಸಲ ಮುಂಡಗೋಡಕ್ಕೆ ಹೋಗಿ. ಘಟ್ಟವಿಲ್ಲ, ಹುಬ್ಬಳ್ಳಿ ಹತ್ತಿರ, ಏನಾದರೂ ಆದರೆ ಎಳೆದುಕೊಂಡು ಬರಲು ಸುಲಭ. ಬೆಳಿಗ್ಗೆ ಅತ್ತಿವೇರಿ ಕೆರೆಯ ಹಕ್ಕಿ ನೋಡಿ, ಮಧ್ಯಾಹ್ನ 1966ರಲ್ಲಿ ನೆಲೆಯಾದ ಟಿಬೆಟನ್ ಕಾಲೊನಿಯ ಮಠಗಳನ್ನು ನೋಡಿ. ಅಲ್ಲಿನ ತುಕ್ಪಾ ಎಂಬ ಬಿಸಿ ಶಾವಿಗೆ ಸಾರು ಕುಡಿದರೆ ಆ ಹೊತ್ತಿನ ಒಲೆಯೂ ಉಳಿಯಿತು. ಮಠದ ಅಂಗಳದಲ್ಲಿ ಕೇಳದೆ ವ್ಯಾನು ನಿಲ್ಲಿಸಬೇಡಿ, ಪ್ರಾರ್ಥನೆಯ ಹೊತ್ತಿಗೆ ಬಾಗಿಲು ಧಡ್ ಎಂದು ಹಾಕಬೇಡಿ.

• ಆ್ಯಪಿನಲ್ಲಿ ಕಾಣುವ ಚಾರ್ಜರನ್ನು ನಂಬಿ ಕಾಡಿಗೆ ಇಳಿಯಬೇಡಿ. ಅದು ನಡೆಯುತ್ತಿದೆಯೇ ಎಂದು ಫೋನಿನಲ್ಲಿ ಕೇಳಿ. ನಿಮ್ಮ ಪ್ಲಗ್ಗಿನ ಮಾದರಿಗೆ ಹೊಂದುತ್ತದೆಯೇ ಎಂದೂ ಕೇಳಿ. ಜೋಯಿಡಾದ ಎಷ್ಟೋ ಕಡೆ ಸಿಗ್ನಲ್ ಇಲ್ಲ, ಆಗ ಆ್ಯಪೂ ಇಲ್ಲ, ಫೋನ್‌ಪೇಯೂ ಇಲ್ಲ. ಸೊಂಟದ ಚೀಲದಲ್ಲಿ ಐನೂರು, ನೂರು, ಹತ್ತರ ನೋಟು ಇಟ್ಟುಕೊಳ್ಳಿ.

• ಮಲಗುವಾಗ ಎದುರು ಬದುರು ಎರಡು ಕಡೆ ಗಾಳಿ ಬಿಡಿ, ಸೊಳ್ಳೆಯ ಜಾಲರಿ ಕಟ್ಟಿ. ತಗಡಿನ ಪೆಟ್ಟಿಗೆಯಲ್ಲಿ ಇಬ್ಬರು ಉಸಿರಾಡಿದರೆ ಬೆಳಗಾಗುವುದರೊಳಗೆ ಗೋಡೆಯೆಲ್ಲ ಬೆವರುತ್ತದೆ, ಗಾದಿಗೆ ಬೂಷ್ಟು ಹಿಡಿಯುತ್ತದೆ. ಚಳಿ ಎಂದು ಒಳಗೆ ಕೆಂಡ ಇಟ್ಟುಕೊಳ್ಳುವುದು, ಗ್ಯಾಸ್ ಒಲೆ ಹಚ್ಚುವುದು ಮಾತ್ರ ಪ್ರಾಣಕ್ಕೇ ಸಂಚಕಾರ, ಬೇಡವೇ ಬೇಡ.

• ಹೊದೆಯಲು ಒಂದು ಕವಂದಿ ಕೊಳ್ಳಿ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹಳೆಯ ಬಟ್ಟೆಯ ತುಂಡು ಜೋಡಿಸಿ ಹೊಲಿಯುತ್ತಾರೆ. ನೋಡಲು ಚೆಂದ, ಬೆಚ್ಚಗೆ, ತೊಳೆದರೆ ಒಂದೇ ಬಿಸಿಲಿಗೆ ಒಣಗುತ್ತದೆ. ಚೌಕಾಸಿ ಮಾಡಬೇಡಿ, ಒಂದೊಂದು ಹೊಲಿಗೆಯೂ ಕೈಯದು.

• ಶೌಚದ ವ್ಯವಸ್ಥೆ ನೋಡಿ ವಸ್ತಿ ಗೊತ್ತುಮಾಡಿ. ಗಂಡಸರು ಇದನ್ನು ಕೊನೆಗೆ ಯೋಚಿಸುತ್ತಾರೆ, ಹೆಂಗಸರು ಮಧ್ಯಾಹ್ನದಿಂದಲೇ ನೀರು ಕುಡಿಯುವುದು ಬಿಡುತ್ತಾರೆ. ಹಾಗೆ ಬಿಡಬೇಡಿ ತಂಗಿಯರೇ, ಬಾಯಿಬಿಟ್ಟು ಕೇಳಿ. ಮುಚ್ಚಳದ ಬಕೆಟ್ಟು, ಒಂದು ಚೀಲ ಮರದ ಹೊಟ್ಟು ವ್ಯಾನಿನಲ್ಲಿರಲಿ, ರಾತ್ರಿ ಹೊರಗೆ ಹೋಗುವ ಪ್ರಸಂಗ ತಪ್ಪುತ್ತದೆ. ಬೆಳಿಗ್ಗೆ ಮನೆಯವರನ್ನು ಕೇಳಿ ಗುಂಡಿಗೆ ಹಾಕಿ ಮಣ್ಣು ಮುಚ್ಚಿ.

• ಏಪ್ರಿಲ್, ಮೇ ತಿಂಗಳಲ್ಲಿ ಹಗಲು ವ್ಯಾನಿನೊಳಗೆ ಮಲಗಬೇಡಿ, ಬಿಸಿಲಿಗೆ ತಗಡು ಕಾದ ಹಂಚಾಗುತ್ತದೆ. ನವೆಂಬರಿನಿಂದ ಫೆಬ್ರವರಿ ನಮ್ಮ ಕಡೆಗೆ ಒಳ್ಳೆಯ ಕಾಲ. ಎಸಿಯೂ ಬೇಡ, ಫ್ಯಾನೂ ಎಷ್ಟೋ ರಾತ್ರಿ ಬೇಡ.

• ಚಕ್ರದ ಗಾಳಿ ಹದಿನೈದು ದಿನಕ್ಕೊಮ್ಮೆ ನೋಡಿಸಿ. ಗಾಳಿ ಕಮ್ಮಿಯಾದರೆ ಹತ್ತು ಕಿ.ಮೀ. ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ.

• ಮೊದಲ ನಾಲ್ಕು ಪ್ರವಾಸಕ್ಕೆ ಒಂದು ವಹಿ ಇಡಿ. ಎಲ್ಲಿಂದ ಎಲ್ಲಿಗೆ, ಎಷ್ಟು ಪ್ರತಿಶತ ಹೋಯಿತು, ಎಷ್ಟು ಮಂದಿ ಇದ್ದೆವು, ಮಳೆಯೋ ಬಿಸಿಲೋ. ಐದನೆಯ ಸಲಕ್ಕೆ ನಿಮ್ಮ ವಹಿ ಕಂಪನಿಯ ಪುಸ್ತಕಕ್ಕಿಂತ ಚೆನ್ನಾಗಿ ದಾರಿ ಹೇಳುತ್ತದೆ.

• ಊರಿಗೆ ಮರಳಿದ ರಾತ್ರಿ ದಣಿವೆಂದು ವ್ಯಾನನ್ನು ಹಾಗೇ ಬೀಗ ಹಾಕಿ ಬಿಡಬೇಡಿ. ಬ್ಯಾಟರಿ ತೀರ ಇಳಿದಿದ್ದರೆ ಅರ್ಧಕ್ಕಾದರೂ ತುಂಬಿಸಿ, ಬರಿದಾಗಿ ವಾರಗಟ್ಟಲೆ ನಿಂತರೆ ಅದಕ್ಕೆ ಒಳ್ಳೆಯದಲ್ಲ. ಗಾದಿ, ಕವಂದಿ ಇಳಿಸಿ ಬೆಳಿಗ್ಗೆ ಬಿಸಿಲಿಗೆ ಹಾಕಿ. ಮಜ್ಜಿಗೆಯ ತಂಬಿಗೆ ಸೀಟಿನ ಕೆಳಗೆ ಉಳಿದಿರುತ್ತದೆ, ಮರೆಯದೆ ತೆಗೆಯಿರಿ. ಆಮೇಲೆ ಅಂಗಳ ಕೊಟ್ಟ ಮನೆಗೆ ಒಂದು ಫೋನು ಮಾಡಿ, “ಮುಟ್ಟಿದಿವ್ರಿ” ಎಂದು ಹೇಳಿ. ಅವರು ಕಾಯುತ್ತಿರುತ್ತಾರೆ.